ಚೀಲ ಕುಕ್ಕುವವನು

"ಅಪ್ಪಾರ, ಹೋದದ್ದನ್ನ ನೆನೆಸಿ ಮನಸ್ಸು ಮರುಗೋದು ತಪ್ಪೇನ್ರಿ?" ಎಂದು ಚನ್ನವೀರ ತನ್ನ ಗುರುಗಳನ್ನು ಕೇಳಿದ.

ಅವನು ಇಪ್ಪತ್ತು ವರ್ಷ ಮಠದ ದಾಸೋಹದಲ್ಲಿ ಸೌದೆ ಒಲೆಯ ಮುಂದೆ ನಿಂತು ಅನ್ನ ಬೇಯಿಸಿದವನು. ಆ ತಿಂಗಳು ಅಡುಗೆಮನೆಗೆ ಗ್ಯಾಸಿನ ದೊಡ್ಡ ಒಲೆಗಳು ಬಂದಿದ್ದವು. ಹೊಸಬರು ಸೌಟು ಹಿಡಿದಿದ್ದರು, ಚನ್ನವೀರ ಜಗಲಿಯಲ್ಲಿ ಕುಳಿತು ಊಟದ ಎಲೆ ಒರೆಸುತ್ತಿದ್ದ. ಆ ದಿನವೂ ಅನ್ನ ಸೀದಿತ್ತು. ಭಕ್ತರು ಅದನ್ನೇ ಉಂಡು ಎದ್ದಿದ್ದರು.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ಅಕ್ಕಿ ಗಿರಣಿಯಲ್ಲಿ ಚೀಲ ತುಂಬಲು ಐದು ಜನರಿದ್ದರು. ಒಬ್ಬ ಚೀಲದ ಬಾಯಿ ಹಿಡಿಯುವವನು, ಒಬ್ಬ ಕೊಳಗದಲ್ಲಿ ಅಳೆದು ಸುರಿಯುವವನು, ಒಬ್ಬ ಎಣಿಸುವವನು, ಒಬ್ಬ ದಬ್ಬಣ ಹಿಡಿದು ಹೊಲಿಯುವವನು. ಐದನೆಯವನ ಕೆಲಸ ಚೀಲ ಕುಕ್ಕುವುದು. ಚೀಲ ಅರ್ಧ ತುಂಬಿದಾಗ ಅದರ ಎರಡು ಕಿವಿ ಹಿಡಿದು ತುಸು ಎತ್ತಿ ಎರಡು ಸಲ ನೆಲಕ್ಕೆ ಕುಕ್ಕಬೇಕು, ಪೂರ್ತಿ ತುಂಬಿದಾಗ ಮತ್ತೆ ಎರಡು ಸಲ. ನೋಡುವವರಿಗೆ ಅದೊಂದು ಕೆಲಸವೇ ಅಲ್ಲ.

ಎಣಿಸುವವನು ಮೊದಲ ಕೊಳಗಕ್ಕೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದ. ಆಮೇಲೆ ಎರಡು, ಮೂರು. ರಾಶಿಯ ಕಣದಲ್ಲಿದ್ದ ರೂಢಿ ಗಿರಣಿಗೂ ಬಂದಿತ್ತು. ದಿನವೆಲ್ಲ ಆ ಎಣಿಕೆಯ ರಾಗ, ನಡುನಡುವೆ ಚೀಲ ಕುಕ್ಕುವ ಸದ್ದು. ಐವರೂ ಒಂದೇ ಕಡೆ ಬುತ್ತಿ ಬಿಚ್ಚುತ್ತಿದ್ದರು, ಬೈದಾಡುತ್ತಲೂ ಇದ್ದರು. ಆ ದಿನಗಳು ಚೆನ್ನಾಗಿದ್ದವು. ಇದ್ದದ್ದನ್ನು ಇಲ್ಲ ಎನ್ನಬಾರದು.

ಗಿರಣಿಯ ಸಾಹುಕಾರ ಒಂದು ಯಂತ್ರ ತರಿಸಿದ. ಅದರ ಬಾಯಿಗೆ ಚೀಲ ಸಿಕ್ಕಿಸಿದರೆ ಸಾಕು, ತಾನೇ ತೂಗಿ, ತಾನೇ ಸುರಿದು, ತಾನೇ ಹೊಲಿದು ಮುಂದಕ್ಕೆ ತಳ್ಳುತ್ತಿತ್ತು. ಸಾಹುಕಾರ ನಾಲ್ವರನ್ನು ಮನೆಗೆ ಕಳಿಸಿದ. ಚೀಲ ಸಿಕ್ಕಿಸಲು ಕುಕ್ಕುವವನನ್ನು ಮಾತ್ರ ಉಳಿಸಿಕೊಂಡ.

ಯಂತ್ರ ಓಡುವುದೇನೋ ಓಡಿತು. ಆದರೆ ಹತ್ತು ಚೀಲಕ್ಕೆ ಮೂರು ಬಾಯಿ ಬಿಡುತ್ತಿದ್ದವು. ಅಕ್ಕಿ ಚೀಲದ ಅಂಚಿನವರೆಗೆ ಬಂದು ನಿಲ್ಲುತ್ತಿತ್ತು, ಹೊಲಿಗೆಯ ಸೂಜಿ ಅಕ್ಕಿಗೆ ತಾಗಿ ದಾರ ಹರಿಯುತ್ತಿತ್ತು. ದುರಸ್ತಿಯವನು ಬಂದು ಸೂಜಿ ಬದಲಿಸಿದ, ದಾರ ಬದಲಿಸಿದ, ಕೊನೆಗೆ ವೇಗ ತಗ್ಗಿಸಿದ. ಬೇಗ ಓಡಿಸಿದರೂ ಕೆಟ್ಟಿತು, ನಿಧಾನ ಓಡಿಸಿದರೂ ಕೆಟ್ಟಿತು. ಸಾಹುಕಾರನಿಗೆ ಸಾಕಾಯಿತು.

"ಅಮಾಸಿತನಕ ನೋಡ್ತೀನಿ," ಎಂದು ಕುಕ್ಕುವವನಿಗೆ ಹೇಳಿದ. "ಸರಿಹೋಗಲಿಲ್ಲಂದ್ರ ಇದನ್ನ ವಾಪಸ್ ಕಳಿಸಿ ನಿನ್ನ ನಾಲ್ಕೂ ಮಂದೀನ ಕರಸ್ತೀನಿ."

ಕುಕ್ಕುವವನಿಗೆ ರೋಗ ಮೊದಲ ದಿನವೇ ಗೊತ್ತಾಗಿತ್ತು. ಮೇಲಿನಿಂದ ಸುರಿದ ಅಕ್ಕಿ ಉಬ್ಬಿ ನಿಲ್ಲುತ್ತದೆ. ಕುಕ್ಕಿದರೆ ಅರ್ಧ ಗೇಣು ಇಳಿಯುತ್ತದೆ, ಹೊಲಿಗೆಗೆ ಜಾಗವಾಗುತ್ತದೆ. ಯಂತ್ರ ಮಾಡಿದವರು ನಾಲ್ವರ ಕೆಲಸವನ್ನು ಅದಕ್ಕೆ ಕಲಿಸಿದ್ದರು. ಐದನೆಯದು ಅವರ ಕಣ್ಣಿಗೆ ಕೆಲಸವಾಗಿ ಕಂಡಿರಲಿಲ್ಲ. ಹೇಳಿದರೆ ಯಂತ್ರ ಉಳಿಯುತ್ತದೆ, ಸುಮ್ಮನಿದ್ದರೆ ಗೆಳೆಯರು ಬರುತ್ತಾರೆ. ಅವನು ಸುಮ್ಮನಿದ್ದ.

ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು. ಬಾಯಿ ಬಿಟ್ಟ ಚೀಲಗಳ ಅಕ್ಕಿ ನೆಲದ ತುಂಬ ಚೆಲ್ಲಿತ್ತು. ಖಾಲಿ ಚೀಲ ತರಲು ಅವನು ಅದರ ಮೇಲೆಯೇ ನಡೆದು ಹೋದ, ಅದರ ಮೇಲೆಯೇ ನಡೆದು ಬಂದ. ಅಂಗಾಲಿಗೆ ಕಾಳು ಚುಚ್ಚಿದಾಗ ಎಚ್ಚರವಾಯಿತು. ಕಾಲಿಗೆ ಒಂದು ಕಾಳು ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಅವರ ಪದ್ಧತಿ. ಐವರೂ ಹಾಗೆ ಮಾಡುತ್ತಿದ್ದರು. ತಾನು ಎಷ್ಟು ದಿನದಿಂದ ಬಗ್ಗಿಲ್ಲ ಎಂದು ಅವನು ನೆನಪು ಮಾಡಿಕೊಂಡ, ನೆನಪಾಗಲಿಲ್ಲ. ಆ ನಾಲ್ವರು ಈಗಲೇ ಬಾಗಿಲಲ್ಲಿ ಬಂದು ನಿಂತರೆ ಈ ನೆಲ ನೋಡಿ ಏನೆಂದಾರು ಎನ್ನಿಸಿತು. ನಾಚಿಕೆಯಾಯಿತು. ಬಗ್ಗಿ ಕಾಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ನೇರವಾಗಿ ಸಾಹುಕಾರನ ಬಳಿಗೆ ಹೋದ.

ಅಕ್ಕಿಯನ್ನು ಒಂದೇ ಸಲ ಸುರಿಯದೆ ಎರಡು ಸಲ ಸುರಿಯಿರಿ, ಚೀಲದ ಅಡಿಗೆ ಒಂದು ಹಲಗೆ ಇಡಿಸಿ, ಎರಡು ಸಲವೂ ಅದು ಚೀಲವನ್ನು ಎತ್ತಿ ಕುಕ್ಕಲಿ ಎಂದ. ದುರಸ್ತಿಯವನು ಹಲಗೆಯನ್ನು ಯಂತ್ರದ ಗಾಲಿಗೆ ಜೋಡಿಸಿದ. ಒಂದು ಚೀಲವೂ ಬಾಯಿ ಬಿಡಲಿಲ್ಲ. ಮೊದಲಿನ ವೇಗಕ್ಕೆ ಬಿಟ್ಟರು, ಅದಕ್ಕೂ ಮೇಲೆ ಬಿಟ್ಟರು. ಆಗಲೂ ಹೊಲಿಗೆ ಗಟ್ಟಿಯಾಗಿ ಕೂತಿತು.

"ಇದು ನಿನಗ ಮೊದಲೇ ಗೊತ್ತಿತ್ತೇನು?" ಎಂದು ಸಾಹುಕಾರ ಕೇಳಿದ.

"ಗೊತ್ತಿತ್ರಿ, ಸಾವಕಾರ್ರ. ಲಾಭ ಅನ್ನೋ ಆ ಕೂಗು ಇನ್ನೊಂದ್ಸಲ ಕೇಳಬೇಕು ಅಂತ ಆಸೆ ಇತ್ತು. ಅದಕ್ಕ ಬಾಯಿ ಬಿಡಲಿಲ್ಲ."

ನಾಲ್ವರು ಮತ್ತೆ ಬರಲಿಲ್ಲ. ಅವನು ಮಾತ್ರ ದಿನದ ಮೊದಲ ಚೀಲವನ್ನು ಹಲಗೆ ಕುಕ್ಕುವಾಗ, ತನಗಷ್ಟೇ ಕೇಳುವ ಹಾಗೆ, ಲಾಭ ಎನ್ನುತ್ತಿದ್ದ. ಎಷ್ಟೋ ವರ್ಷ ಹಾಗೆಯೇ ಅಂದ. ಪ್ರತಿ ಸಲವೂ ಅವನ ಕಣ್ಣು ತೇವವಾಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ.

"ಅಂದ್ರ ಮರುಗೋದು ತಪ್ಪಲ್ಲ, ಹೌದಲ್ರಿ ಅಪ್ಪಾರ?" ಎಂದ.

"ತಪ್ಪಲ್ಲ," ಎಂದರು ಗುರುಗಳು. ಆಮೇಲೆ ಕೇಳಿದರು: "ಆ ಹೊಸ ಒಲಿ ಮ್ಯಾಲೆ ಅನ್ನ ಯಾಕ ಸೀಯತೈತಿ ಅನ್ನೋದು ನಿನಗ ಎಷ್ಟು ದಿನದಿಂದ ಗೊತ್ತೈತಿ, ಚನ್ನವೀರಾ?"