ನೀರಿನ ಹಾಡು, ಸುರುಳಿಯ ಮರುದನಿ

ಪ್ರಯೋಗಶಾಲೆಯ ದೊಡ್ಡ ಅಯಸ್ಕಾಂತದೊಳಗೆ, ಗಾಜಿನ ನಳಿಕೆಯಲ್ಲಿದ್ದ ನೀರು ಹಾಡತೊಡಗಿತು. ನಳಿಕೆಯನ್ನು ಸುತ್ತಿದ್ದ ಹೊಸ ತಾಮ್ರದ ಸುರುಳಿ ಪ್ರತಿ ಸ್ವರವನ್ನೂ ಹಿಡಿದು, ಜೋರಾಗಿ ಮರುದನಿ ಕೊಟ್ಟಿತು. ಆ ಮರುದನಿಯ ಒತ್ತಡಕ್ಕೆ ಹಾಡು ಅರ್ಧದಲ್ಲೇ ಅಡಗಿತು.

ನೀರಿಗೆ ಹಿಂದೆ ಇದೇ ಜಾಗದಲ್ಲಿದ್ದ ಹಳೆಯ ಸುರುಳಿಯ ನೆನಪಾಯಿತು. "ಆ ಅಜ್ಜನ ಮುಂದೆ ಎಷ್ಟು ಹೊತ್ತು ಹಾಡುತ್ತಿದ್ದೆ!"

"ಅವರಿಗೆ ಕಿವಿ ಮಂದವಿತ್ತಂತಲ್ಲ, ನೀರಮ್ಮ? ನಾನಾದರೋ ಒಂದು ಸ್ವರವನ್ನೂ ತಪ್ಪಿಸಿಕೊಳ್ಳುವುದಿಲ್ಲ," ಎಂದು ಹೊಸ ಸುರುಳಿ ಬೀಗಿತು.

"ನಿನ್ನ ಕಿವಿ ಚುರುಕು, ಒಪ್ಪಿದೆ ಮಗು. ಆದರೆ ಅಜ್ಜ ನಾನು ಮುಗಿಸುವವರೆಗೂ ಸುಮ್ಮನೆ ತಲೆದೂಗುತ್ತಿದ್ದರು. ನೀನು ನನ್ನ ಹಾಡಿನ ಮೇಲೆಯೇ ಹಾಡುತ್ತೀ."

ಸುರುಳಿ ನಾಚಿ, ತನ್ನ ಶ್ರುತಿಯನ್ನು ಒಂದಿಷ್ಟು ಸಡಿಲಿಸಿತು; ಅದರ ಕಿವಿಯ ಚುರುಕೂ ಮರುದನಿಯ ಜೋರೂ ಒಟ್ಟಿಗೆ ತಗ್ಗಿದವು. ನೀರು ಮತ್ತೆ ಹಾಡಿತು. ಈ ಸಲ ಸುರುಳಿಗೆ ಹಾಡು ಸಣ್ಣಗೆ ಕೇಳಿಸಿತು. ಆದರೆ ಕೊನೆಯವರೆಗೂ ಕೇಳಿಸಿತು.