ದುರ್ಗವ್ವನ ಆರು ಕೋಳಿಗಳು

ಹೊಳೆ ದಂಡೆಯ ಆಶ್ರಮವೊಂದರಲ್ಲಿ ಭರಮಪ್ಪಜ್ಜ ಎಂಬ ಗುರುಗಳಿದ್ದರು. ಅವರ ಬಳಿ ಸಿದ್ರಾಮ ಎಂಬ ಶಿಷ್ಯನಿದ್ದ.

ಒಂದು ಬೆಳಿಗ್ಗೆ ಗುರುಗಳು ಸ್ನಾನಕ್ಕೆ ಹೋಗಿದ್ದಾಗ ಪಕ್ಕದ ಓಣಿಯ ದುರ್ಗವ್ವ ಅಳುತ್ತ ಬಂದಳು. ಗೌಡರ ಬೇಟೆನಾಯಿ ಅವಳ ಹಿತ್ತಲಿಗೆ ನುಗ್ಗಿ, ಒಂಬತ್ತು ಕೋಳಿಗಳಲ್ಲಿ ಆರನ್ನು ಕೊಂದು ಹಾಕಿತ್ತು.

ಸಿದ್ರಾಮ ಅವಳನ್ನು ಕಟ್ಟೆಯ ಮೇಲೆ ಕೂರಿಸಿದ.

“ಅಳಬೇಡವ್ವ. ಹುಟ್ಟಿದ್ದು ಒಂದು ದಿನ ಸಾಯಬೇಕು. ಹಿಡಿಯುವುದು ನಾಯಿಯ ಗುಣ. ಸಿಟ್ಟು ಬಿಡು, ಮನಸ್ಸು ಹಗುರಾಗುತ್ತದೆ.”

ದುರ್ಗವ್ವ ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿದಳು. ಕೈಮುಗಿದು ಎದ್ದು ಹೋದಳು.

ಗುರುಗಳು ಮರಳಿದಾಗ ಸಿದ್ರಾಮ ಎಲ್ಲವನ್ನೂ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

“ಅವಳು ಏನಂದಳು?” ಗುರುಗಳು ಕೇಳಿದರು.

“ಏನೂ ಅನ್ನಲಿಲ್ಲ. ಸಮಾಧಾನ ಆಯಿತು ಅನ್ನಿಸುತ್ತದೆ.”

“ಸಮಾಧಾನ ಆಯಿತೋ, ಬಾಯಿ ಕಟ್ಟಿತೋ?”



ಗುರುಗಳು ಒದ್ದೆ ಪಂಚೆಯನ್ನೂ ಬದಲಿಸದೆ ಹೊರಟರು. ಶಿಷ್ಯ ಹಿಂದೆ ನಡೆದ.

ದುರ್ಗವ್ವ ಹಿತ್ತಲಲ್ಲಿ ಕುಳಿತು ಪುಕ್ಕಗಳನ್ನು ಆರಿಸುತ್ತಿದ್ದಳು. ಉಳಿದ ಮೂರು ಕೋಳಿಗಳು ಬುಟ್ಟಿಯ ಕೆಳಗೆ ಮುದುರಿಕೊಂಡಿದ್ದವು. ಮುಳ್ಳಿನ ಬೇಲಿ ಒಂದು ಕಡೆ ಪೂರ್ತಿ ಕಿತ್ತುಹೋಗಿತ್ತು. ಒಳಗಿನಿಂದ ಕೂಸಿನ ಅಳು ಕೇಳುತ್ತಿತ್ತು.

“ನಾಯಿ ಬಂದದ್ದು ಇದೇ ಮೊದಲಾ ತಾಯಿ?”

“ಮೂರನೇ ಸಲಾರೀ ಅಜ್ಜಾರ. ಎರಡು ಸಲ ಗೌಡ್ರ ಮನಿಗೆ ಹೋಗಿ ಹೇಳೀನಿ. ನಕ್ಕು ಕಳಸಿದ್ರು. ಮಗಳು ಬಾಣಂತಿ ಅದಾಳ. ಆಕಿಗೆ ದಿನಾ ಒಂದು ಮೊಟ್ಟಿ ಆಗ್ತಿತ್ತು.”

“ಹಾಗಾದರೆ ಬೆಳಿಗ್ಗೆ ನಮ್ಮಲ್ಲಿಗೆ ಯಾಕೆ ಬಂದಿದ್ದೆ?”

ದುರ್ಗವ್ವ ಸಿದ್ರಾಮನ ಕಡೆ ನೋಡಲಿಲ್ಲ.

“ಗೌಡ್ರು ನಿಮ್ಮ ಮಾತು ಕೇಳ್ತಾರ. ನಾಯಿ ಕಟ್ಟಿಹಾಕು ಅಂತ ಒಂದು ಮಾತು ಹೇಳ್ರಿ ಅಂತ ಕೇಳಾಕ ಬಂದಿದ್ದೆ.”

ಗುರುಗಳು ಶಿಷ್ಯನ ಕಡೆ ತಿರುಗಿದರು. ಅಷ್ಟು ಸಿಟ್ಟಿನ ಮುಖವನ್ನು ಅವನು ಎಂದೂ ಕಂಡಿರಲಿಲ್ಲ.

“ಯಾಕೆ ಬಂದೆ ಅಂತ ಒಂದು ಮಾತು ಕೇಳುವಷ್ಟು ಪುರುಸೊತ್ತು ಇರಲಿಲ್ಲವಾ ನಿನಗೆ?”

ಅವರು ಅಲ್ಲಿಂದ ನೇರ ಗೌಡರ ಮನೆಗೆ ಹೋದರು.

ಗೌಡರು ಎದ್ದು ಬಂದು ನಮಸ್ಕಾರ ಮಾಡಿದರು, ಚಾಪೆ ಹಾಸಿಸಿದರು, ಹಾಲು ತರಿಸಿದರು. ಗುರುಗಳು ಕೂರಲಿಲ್ಲ. ಹಾಲನ್ನು ಮುಟ್ಟಲಿಲ್ಲ.

“ನಾಯಿಯನ್ನು ಕಟ್ಟಿಹಾಕಿ ಗೌಡರೇ.”

ಗೌಡರು ನಕ್ಕರು. “ಕೋಳಿ ಸುದ್ದಿ ಏನ್ರೀ ಅಜ್ಜಾರ? ಹಿಡಿಯೂದು ನಾಯಿ ಗುಣ. ಹುಟ್ಟಿದ್ದು ಒಂದಿನ ಸಾಯೂದ ಅಲ್ಲೇನ್ರಿ?”

ತನ್ನದೇ ಮಾತು ಆ ಬಾಯಿಯಿಂದ ಬಂದದ್ದು ಕೇಳಿ ಸಿದ್ರಾಮನ ಕಿವಿ ಬಿಸಿಯಾಯಿತು.

“ನಾಯಿಯ ಗುಣ ನನಗೆ ಗೊತ್ತು,” ಗುರುಗಳು ಅಂದರು. “ನಿಮ್ಮದು ಏನು ಅಂತ ನೋಡಲು ಬಂದೆ.”

ಗೌಡರ ನಗು ಹೋಯಿತು.

ಗುರುಗಳು ಅಂಗಳದ ನಡುವೆ ಬಿಸಿಲಿನಲ್ಲಿ ನಿಂತರು. ಗೌಡರು ಆಮೇಲೆ ನೋಡೋಣ ಅಂದರು, ನಾಳೆ ಅಂದರು. ಗುರುಗಳು ಅಲುಗಲಿಲ್ಲ. ಹೋಗಿಬರುವ ಜನ ಬಾಗಿಲಲ್ಲಿ ನಿಂತು ನೋಡತೊಡಗಿದರು. ಕೊನೆಗೆ ಗೌಡರು ತಾವೇ ಸರಪಳಿ ತಂದು ನಾಯಿಯನ್ನು ಕಂಬಕ್ಕೆ ಬಿಗಿದರು.

“ಸತ್ತ ಆರು ಕೋಳಿ?” ಗುರುಗಳು ಕೇಳಿದರು.

ಒಳಗಿನಿಂದ ಗೌಡತಿ ಬಂದಳು. “ನಮ್ಮ ಹಿತ್ತಲಾಗಿನ ಆರು ಕೋಳಿ ಇವತ್ತ ಕಳಸ್ತೀನ್ರಿ ಅಜ್ಜಾರ. ಮೊದಲನೇ ಸಲಕ್ಕ ಕಳಸಬೇಕಾಗಿತ್ತು.”

ಮರುದಿನದಿಂದ ಸಿದ್ರಾಮ ದುರ್ಗವ್ವನ ಹಿತ್ತಲಲ್ಲಿ ಕೋಳಿಗೂಡು ಕಟ್ಟತೊಡಗಿದ. ಕಲ್ಲು ಹೊತ್ತ, ಗೂಟ ನೆಟ್ಟ, ಆಶ್ರಮದ ತೋಟದ ತಂತಿ ಜಾಲರಿಯನ್ನು ತಂದು ಸುತ್ತಿದ.

“ಜಾಲರಿ ಮೊಳದುದ್ದ ಮಣ್ಣಾಗ ಇಳೀಲಿ,” ದುರ್ಗವ್ವ ಹೇಳಿದಳು. “ಇಲ್ಲಾಂದ್ರ ಮುಂಗುಸಿ ಅಡೀಲೆ ಕೆರದು ಬರತೈತಿ. ಮ್ಯಾಲೂ ಮುಚ್ಚು, ಹದ್ದಿನ ಕಾಟ ಐತಿ.”

ಅವನು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಅಗೆದ. ಮೂರನೇ ದಿನ ಒಂಬತ್ತೂ ಕೋಳಿಗಳು ಗೂಡು ಸೇರಿದವು.

ಹಿಂದಿರುಗಿ ಬಂದಾಗ ಗುರುಗಳು ಹೊಳೆ ದಂಡೆಯಲ್ಲಿ ಕುಳಿತಿದ್ದರು. ಸಿದ್ರಾಮ ಗೀರುಬಿದ್ದ ಕೈಗಳನ್ನು ತೊಳೆದುಕೊಂಡು ಅವರ ಮುಂದೆ ಕುಳಿತ.

“ಗುರುಗಳೇ, ಗೌಡರು ನಕ್ಕದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. ನಿಮಗೂ ಅವತ್ತು ಸಿಟ್ಟು ಬಂದಿತ್ತು. ಆದರೆ ಸಿಟ್ಟು ಬಿಡು ಅಂತ ನನಗೆ ಕಲಿಸಿದವರು ನೀವೇ.”

“ಹೌದು,” ಗುರುಗಳು ಅಂದರು. “ನಿನ್ನ ತಟ್ಟೆಯ ಅನ್ನ ಹೋದಾಗ ಸಿಟ್ಟು ಬಿಡು ಅಂದಿದ್ದೆ. ಅವಳ ತಟ್ಟೆಯದು ಹೋದಾಗಲೂ ಬಿಡು ಅಂತ ನಾನು ಯಾವಾಗ ಅಂದೆ?”