ಷಡ್ಡಕನ ಹೇಸರಗತ್ತೆ

"ಬುದ್ಧಿ, ಕಾರಿಗೆ ಹೆಚ್ಚುವರಿ ವಾರಂಟಿ ತಗೋಬೇಕೋ, ಬೇಡವೋ?"

ಗುಡ್ಡದ ಮಠದ ಜಗಲಿಯಲ್ಲಿ ಕೂತು ರೇಣುಕಪ್ರಸಾದ ಹೀಗೆ ಕೇಳಿದ. ಮಠಕ್ಕೆ ಬಂದವರು ಮಗಳ ಮದುವೆಯ ಮಾತು ಕೇಳುತ್ತಾರೆ, ಮನಸ್ಸಿಗೆ ಶಾಂತಿ ಕೇಳುತ್ತಾರೆ. ವಾರಂಟಿಯ ಮಾತು ಕೇಳಿದವರಲ್ಲಿ ಇವನೇ ಮೊದಲಿಗ. ಗುರುಗಳು ನಗಲಿಲ್ಲ. ಮುಂದೆ ಹೇಳು ಎಂಬಂತೆ ತಲೆ ಆಡಿಸಿದರು.

ರೇಣುಕಪ್ರಸಾದನಿಗೆ ಪೇಟೆಯಲ್ಲಿ ಪೈಂಟಿನ ಅಂಗಡಿ. ಹಳೆಯ ಕಾರು ಚೆನ್ನಾಗಿಯೇ ಓಡುತ್ತಿದ್ದಾಗ ಅದನ್ನು ಕೊಟ್ಟು ಹೈಬ್ರಿಡ್ ಕಾರು ಕೊಂಡಿದ್ದ. ಅರ್ಧ ಪೆಟ್ರೋಲಿನಲ್ಲಿ, ಅರ್ಧ ಬ್ಯಾಟರಿಯಲ್ಲಿ ಓಡುವ ಕಾರು. ಕಂಪನಿ ಕೊಟ್ಟ ವಾರಂಟಿ ಮುಗಿಯುತ್ತ ಬಂದಿತ್ತು. ಇನ್ನಷ್ಟು ಹಣ ಕಟ್ಟಿದರೆ ಇನ್ನಷ್ಟು ವರ್ಷ ನಾವೇ ನೋಡಿಕೊಳ್ಳುತ್ತೇವೆ ಎಂದು ಶೋರೂಮಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಕಟ್ಟದೆ ಬಿಟ್ಟು ಬ್ಯಾಟರಿ ಕೈಕೊಟ್ಟರೆ ಅಂಗಡಿಯ ಒಂದು ವರ್ಷದ ದುಡಿಮೆ ಅದಕ್ಕೇ ಹೋಗುತ್ತದೆ. ಕಟ್ಟಿ, ಏನೂ ಕೆಡದೆ ಉಳಿದರೆ ಕಟ್ಟಿದ್ದು ದಂಡ. ನಾಳೆ ಕೊನೆಯ ದಿನ.

"ನಿನ್ನ ಕಾರು ತಿಂಗಳಿಗೆ ಎಷ್ಟು ಓಡುತ್ತಪ್ಪ?" ಎಂದು ಗುರುಗಳು ಕೇಳಿದರು.

"ಅಷ್ಟು ಗಮನಿಸಿಲ್ಲ ಬುದ್ಧಿ."

"ಇನ್ನೂ ಎಷ್ಟು ವರ್ಷ ಇಟ್ಕೊಳ್ಳೋ ಯೋಚನೆ?"

"ಅದನ್ನೂ ಯೋಚನೆ ಮಾಡಿಲ್ಲ." ಆಮೇಲೆ ತಡೆಯಲಾರದೆ ಅಂದ: "ಪಂಚಾಕ್ಷರಿ ಕಟ್ಟಿಬಿಟ್ಟ ಬುದ್ಧಿ. ಹೋದ ತಿಂಗಳೇ ಕಟ್ಟಿದ."

"ಪಂಚಾಕ್ಷರಿ ಅಂದ್ರೆ ಯಾರು?"

"ನನ್ನ ಷಡ್ಡಕ. ನಮ್ಮನೆಯವಳ ಅಕ್ಕನ ಗಂಡ. ಅವನದೂ ಇದೇ ಕಾರು, ಇದೇ ಬಣ್ಣ. ನನಗಿಂತ ಒಂದು ತಿಂಗಳು ಮುಂಚೆ ತಗೊಂಡ. ದಿನಾ ಹಾಸನಕ್ಕೆ ಓಡಿಸ್ತಾನೆ. ಹಿಂದಿನ ಟೈರು ಆಗಲೇ ಸವೆದಿದೆ. ಲೀಟರಿಗೆ ನನ್ನದಕ್ಕಿಂತ ಜಾಸ್ತಿ ಕೊಡುತ್ತೆ ಅಂತಾನೆ, ಅದು ಸುಳ್ಳು. ಎಡಗಡೆ ಬಾಗಿಲಿಗೆ ಗೀರು ಬಿದ್ದಿದೆ, ಮುಚ್ಚಿಟ್ಟಿದ್ದಾನೆ. ನಾನು ನೋಡಿದ್ದೀನಿ."

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಗೋಡೆಗೆ ಒರಗಿ ಕೂತರು.

"ಒಂದು ಕತೆ ಹೇಳ್ತೀನಿ. ಮಧ್ಯೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ. ಅದೇ ಬೀದಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ. ಇವರ ಹೆಂಡಂದಿರು ಒಡಹುಟ್ಟಿದವರು. ಬೆಲ್ಲದವನು ಅಕ್ಕನ ಗಂಡ, ಉಪ್ಪಿನವನು ತಂಗಿಯ ಗಂಡ. ಹಬ್ಬಕ್ಕೆ ಮಾವನ ಮನೆಯಲ್ಲಿ ಊಟಕ್ಕೆ ಕೂತರೆ ಹೋಳಿಗೆ ಮೊದಲು ಹಿರಿಯ ಅಳಿಯನ ಎಲೆಗೆ ಬೀಳುವುದು ವಾಡಿಕೆ. ಆಮೇಲೆ ಉಪ್ಪಿನವನ ಎಲೆಗೆ. ಅದೇ ಹೋಳಿಗೆ, ಅದೇ ತುಪ್ಪ. ಆದರೂ ಉಪ್ಪಿನವನಿಗೆ ತನ್ನ ಎಲೆಯದು ಆರಿಹೋದಂತೆ ಅನ್ನಿಸುತ್ತಿತ್ತು. ಎಷ್ಟೋ ವರ್ಷದಿಂದ ಆ ಹೋಳಿಗೆ ಅವನಿಗೆ ಅರಗಿರಲಿಲ್ಲ.

ಇಬ್ಬರಿಗೂ ಘಟ್ಟದ ದಾರಿಯೇ ಅನ್ನದ ದಾರಿ. ಒಬ್ಬ ಬೆಲ್ಲ ಹೇರಿಕೊಂಡು ಇಳಿಯುತ್ತಿದ್ದ, ಇನ್ನೊಬ್ಬ ಉಪ್ಪು ಹೇರಿಕೊಂಡು ಹತ್ತುತ್ತಿದ್ದ. ಉಪ್ಪಿನವನ ಬಳಿ ಎರಡು ಕತ್ತೆಗಳಿದ್ದವು. ಮುದ್ದಾದ ಪ್ರಾಣಿಗಳೇನಲ್ಲ. ಆದರೆ ಒಂದು ದಿನವೂ ಮುಷ್ಕರ ಹೂಡಿದ್ದಿಲ್ಲ.

ಹೀಗಿರುವಾಗ ಆ ಊರಿಗೆ ಒಬ್ಬ ಪರಸ್ಥಳದ ವರ್ತಕ ಹೇಸರಗತ್ತೆಗಳನ್ನು ಹೊಡೆದುಕೊಂಡು ಬಂದ. ಹೇಸರಗತ್ತೆ ಗೊತ್ತಲ್ಲ? ತಾಯಿ ಕುದುರೆ, ತಂದೆ ಕತ್ತೆ. ನಿನ್ನ ಕಾರಿನ ಹಾಗೆ ಅದಕ್ಕೂ ಎರಡು ಕುಲ. ಕುದುರೆಯ ನಡಿಗೆ, ಕತ್ತೆಯ ತಾಳ್ಮೆ, ಅರ್ಧ ಮೇವು. ಊರವರು ಅಂಥದ್ದನ್ನು ಕಂಡಿರಲಿಲ್ಲ. ಅದಕ್ಕೆ ಏನು ಕಾಯಿಲೆ ಬರುತ್ತದೆ, ಬಂದರೆ ಏನು ಮದ್ದು, ಒಬ್ಬರಿಗೂ ತಿಳಿಯದು.

ಬೆಲ್ಲದವನು ಒಂದನ್ನು ಕೊಂಡ. ಸಂಜೆಯ ಹೊತ್ತಿಗೆ ಅದರ ಮೇಲೆ ಕೂತು ಬೀದಿಯಲ್ಲಿ ಒಂದು ಸುತ್ತು ಬಂದ. ಉಪ್ಪಿನವನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ಮರುದಿನ ಎರಡೂ ಕತ್ತೆಗಳನ್ನು ಬಂದ ಬೆಲೆಗೆ ಮಾರಿದ. ಕೈಗೆ ಬಂದದ್ದನ್ನೆಲ್ಲ ಸೇರಿಸಿ ತಾನೂ ಒಂದು ಹೇಸರಗತ್ತೆ ಕೊಂಡ.

ಆಗ ವರ್ತಕ ಹೇಳಿದ, "ಯಜಮಾನರೇ, ಒಂದು ಮಳೆಗಾಲದವರೆಗೆ ಇದರ ಕಾಲಿಗೆ ನಾನು ಹೊಣೆ. ಕುಂಟಿದರೆ ಬೇರೆ ಪ್ರಾಣಿ ಕೊಡ್ತೀನಿ. ಮೇಲೆ ಒಂದಿಷ್ಟು ಕೊಟ್ಟರೆ ಇನ್ನೂ ನಾಲ್ಕು ಮಳೆಗಾಲಕ್ಕೆ ಅದೇ ಮಾತು ಕೊಡ್ತೀನಿ. ಲಾಳ ಮಾತ್ರ ನಮ್ಮವನ ಕೈಯಲ್ಲೇ ಕಟ್ಟಿಸಬೇಕು."

ಅವನು ಮಾತಿಗೆ ತಪ್ಪುವವನಲ್ಲ ಎಂದು ಸಂತೆಯಲ್ಲೆಲ್ಲ ಹೆಸರಿತ್ತು. ಉಪ್ಪಿನವನು ಯೋಚಿಸಬೇಕಾದದ್ದು ಇಷ್ಟೇ. ನನ್ನ ದಾರಿ ಎಂಥದು? ನನ್ನ ಹೇರು ಎಷ್ಟು? ಈ ಪ್ರಾಣಿ ಬಿದ್ದರೆ ಇನ್ನೊಂದನ್ನು ಕೊಳ್ಳುವ ಶಕ್ತಿ ನನಗಿದೆಯೇ? ಶಕ್ತಿ ಇರಲಿಲ್ಲ. ವರ್ತಕನ ಮಾತು ಕೊಳ್ಳುವುದೇ ಲೇಸು ಎಂದು ಅವನ ಕೈ ಸೊಂಟದ ಚೀಲಕ್ಕೆ ಹೋಗಿಯೂ ಆಗಿತ್ತು.

ಅಷ್ಟರಲ್ಲಿ ವರ್ತಕ ಒಂದು ಮಾತು ಹೆಚ್ಚಿಗೆ ಆಡಿದ. "ನಿಮ್ಮ ಷಡ್ಡಕರೂ ತಗೊಂಡಿದ್ದಾರೆ," ಎಂದ.

ಉಪ್ಪಿನವನ ಕೈ ಅಲ್ಲೇ ನಿಂತಿತು. ಈಗ ಇವನೂ ತೆಗೆದುಕೊಂಡರೆ? ಅವನನ್ನು ನೋಡಿ ಇವನು ಮಾಡಿದ ಎಂದು ಊರು ಆಡಿಕೊಳ್ಳುತ್ತದೆ. ಬೇಡವೇ ಬೇಡ! "ಮಾತು ಕೊಳ್ಳೋದು ಕೈಲಾಗದವರ ಕೆಲಸ. ನನ್ನ ಪ್ರಾಣಿ ನೋಡ್ಕೊಳ್ಳೋದು ನನಗೆ ಗೊತ್ತು," ಎಂದು ಚೀಲ ಬಿಗಿದುಕೊಂಡು ಬಂದ.

ಆ ವರ್ಷದ ಯುಗಾದಿಗೆ ಮಾವನ ಮನೆಯಲ್ಲಿ ಪಂಕ್ತಿಗೆ ಕೂತಾಗ ಅದೇ ಮಾತನ್ನು ಎಲ್ಲರ ಎದುರಿಗೆ ಎತ್ತಿದ. "ಭಾವ ಸುಮ್ಮನೆ ದುಡ್ಡು ಕಳಕೊಂಡರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬೇಕಾದರೆ ನೋಡ್ತಾ ಇರಿ, ಆ ಪ್ರಾಣಿಗೆ ಏನೂ ಆಗಲ್ಲ."

ಬೆಲ್ಲದವನು ಹೋಳಿಗೆ ಮುರಿಯುತ್ತ ಅಂದ, "ಇರಬಹುದಪ್ಪ. ನನಗೆ ಪ್ರಾಣಿ ನೋಡಿಕೊಳ್ಳೋ ತಾಳ್ಮೆ ಇಲ್ಲ. ಅದಕ್ಕೇ ತಗೊಂಡೆ."

ಅಷ್ಟು ಹೇಳಿ ಅವನು ಆ ವಿಷಯ ಮರೆತ. ಉಪ್ಪಿನವನು ಮರೆಯಲಿಲ್ಲ. ಹತ್ತು ಜನರ ಮುಂದೆ ಆಡಿದ ಮಾತು. ಷಡ್ಡಕನ ಹೇಸರಗತ್ತೆ ಕುಂಟಿದರೆ ವರ್ತಕ ಹೊಸದು ಕೊಡುತ್ತಾನೆ. ಆಗ ಬೆಲ್ಲದವನು ಜಾಣ, ತಾನು ದಡ್ಡ. ಆದ್ದರಿಂದ ಅದು ಕುಂಟಬಾರದು. ಅವಧಿ ತೀರುವವರೆಗೆ ಆ ಪ್ರಾಣಿಗೆ ಒಂದು ಮುಳ್ಳೂ ಚುಚ್ಚಬಾರದು. ಅಯ್ಯೋ, ಹೊಟ್ಟೆಕಿಚ್ಚು ಎಂಥೆಂಥ ಕೆಲಸ ಹಚ್ಚುತ್ತದೆ ನೋಡು!

ಬೆಳಿಗ್ಗೆ ಎದ್ದರೆ ಉಪ್ಪಿನವನು ಮೊದಲು ಹೋಗುತ್ತಿದ್ದುದು ಷಡ್ಡಕನ ಕೊಟ್ಟಿಗೆಗೆ. ಗೊರಸು ಎತ್ತಿ ನೋಡುತ್ತಿದ್ದ. ಸಿಕ್ಕಿಕೊಂಡ ಕಲ್ಲು ಕೀಳುತ್ತಿದ್ದ. ತನ್ನ ಮನೆಯ ಹುರುಳಿ ಬೇಯಿಸಿ ತಂದು ತಿನ್ನಿಸುತ್ತಿದ್ದ. ಲಾಳ ಸವೆದರೆ "ಭಾವ, ಇವತ್ತೇ ಕಟ್ಟಿಸಿ" ಎಂದು ಜೀವ ತಿನ್ನುತ್ತಿದ್ದ. ಇತ್ತ ಅವನದೇ ಪ್ರಾಣಿ ಹಸಿದು ಕೂಗಿದರೆ ಹೆಂಡತಿ ಒಣಹುಲ್ಲು ಎಸೆಯುತ್ತಿದ್ದಳು. ಬೀದಿಯವರು ಮಾತ್ರ ಮೂಗಿನ ಮೇಲೆ ಬೆರಳಿಟ್ಟರು. ಷಡ್ಡಕರು ಅಂದರೆ ಹೀಗಿರಬೇಕು, ಒಡಹುಟ್ಟಿದವರೂ ಇಷ್ಟು ನೋಡಿಕೊಳ್ಳುವುದಿಲ್ಲ ಎಂದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನ ಹೆಂಡತಿ ಒಳಗೇ ಗೊಣಗಿದಳು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಉಪ್ಪಿನ ವ್ಯಾಪಾರಕ್ಕೆ ಒಂದು ಹಳೆಯ ಪದ್ಧತಿ ಇತ್ತು. ಘಟ್ಟ ಇಳಿಯುವಾಗ ಪ್ರಾಣಿಯ ಬೆನ್ನು ಖಾಲಿ ಇರಬೇಕು. ಹತ್ತುವಾಗ ಮಾತ್ರ ಹೇರು. ಇಳಿಜಾರಿನಲ್ಲಿ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಆ ಖಾಲಿ ಬೆನ್ನಿನಲ್ಲೇ ಪ್ರಾಣಿಯ ಆಯಸ್ಸು ಇರುವುದು ಎಂದು ಹಿರಿಯರು ಹೇಳುತ್ತಿದ್ದರು. ಬೆಲ್ಲದವನಿಗೆ ಆ ಪದ್ಧತಿ ಇಲ್ಲ. ಅವನು ಮನಸ್ಸು ಬಂದಷ್ಟು ಹೇರುತ್ತಿದ್ದ. ಉಪ್ಪಿನವನು ಅದನ್ನು ಕಂಡು ಓಡಿ ಬಂದ. "ಭಾವ, ಅಷ್ಟು ಹೇರಬೇಡಿ. ಎರಡು ಮೂಟೆ ನನ್ನದರ ಮೇಲೆ ಹಾಕಿ. ಹೇಗೂ ಖಾಲಿ ಹೋಗುತ್ತೆ," ಎಂದ. ಬೆಲ್ಲದವನಿಗೆ ಕಹಿಯೇ? ಹಾಕಿದ. ಅಂದಿನಿಂದ ಉಪ್ಪಿನವನ ಪ್ರಾಣಿ ಇಳಿಯುವಾಗ ಷಡ್ಡಕನ ಬೆಲ್ಲ ಹೊತ್ತಿತು, ಹತ್ತುವಾಗ ತನ್ನ ಉಪ್ಪು ಹೊತ್ತಿತು. ಬೆಲ್ಲದವನ ಪ್ರಾಣಿ ಮದುಮಗಳ ಹಾಗೆ ನಡೆಯಿತು.

ಮಳೆಗಾಲಗಳು ಕಳೆದವು. ಮಾತಿನ ಅವಧಿ ತೀರುವ ದಿನ ಬಂತು. ಆ ದಿನ ಇಬ್ಬರೂ ಘಟ್ಟ ಹತ್ತುತ್ತಿದ್ದರು. ಅರ್ಧ ದಾರಿಯಲ್ಲಿ ಉಪ್ಪಿನವನ ಹೇಸರಗತ್ತೆ ನಿಂತಿತು. ಮುಂಗಾಲು ನಡುಗಿತು. ಮಂಡಿಯೂರಿ ಕೂತಿತು. ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಆ ಕಾಲು ಇನ್ನು ಹೇರಿಗೆ ಬರುವುದಿಲ್ಲ ಎಂದು ನೋಡಿದವರಿಗೆಲ್ಲ ತಿಳಿಯಿತು.

ಬೆಲ್ಲದವನು ಮರುಗಿದ. "ಅಯ್ಯೋ ಪಾಪ! ಉಪ್ಪಿನ ಮೂಟೆ ನನ್ನದರ ಮೇಲೆ ಹಾಕಪ್ಪ, ಖಾಲಿ ಬರ್ತಾ ಇದೆಯಲ್ಲ," ಎಂದ.

ಉಪ್ಪಿನವನು ಬೆಚ್ಚಿಬಿದ್ದ. "ಬೇಡ ಭಾವ, ಬೇಡ! ಇವತ್ತೊಂದು ದಿನ ಬೇಡ. ಅದರ ಕಾಲು ಉಳುಕೀತು!"

ಹೀಗೆಂದು ತನ್ನ ಪ್ರಾಣಿಯನ್ನು ಅಲ್ಲೇ ಬಿಟ್ಟು, ಅದರ ಹಗ್ಗ ಬಿಚ್ಚಿಕೊಂಡು, ಮೂಟೆಯನ್ನು ತಾನೇ ಬೆನ್ನಿಗೆ ಹಾಕಿಕೊಂಡ. ಮುಂದೆ ಷಡ್ಡಕನ ಹೇಸರಗತ್ತೆ ಖಾಲಿ ಬೆನ್ನಿನಲ್ಲಿ ಬಾಲ ಬೀಸುತ್ತ ನಡೆಯಿತು. ಹಿಂದೆ ಇವನು ಉಪ್ಪು ಹೊತ್ತು ನಡೆದ. ಬೆವರು ಇಳಿದು ಕಣ್ಣು ಉರಿಯಿತು. ಆದರೂ ಅವನ ಕಣ್ಣು ಆ ನಾಲ್ಕು ಕಾಲುಗಳನ್ನು ಬಿಟ್ಟು ಕದಲಲಿಲ್ಲ. ಊರು ಮುಟ್ಟುವಾಗ ಸೂರ್ಯ ಮುಳುಗಿದ. ಅವಧಿ ತೀರಿತು. ಪ್ರಾಣಿ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು.

ಉಪ್ಪಿನವನು ಮೂಟೆಯ ಕೆಳಗಿನಿಂದಲೇ ಕೂಗಿದ, "ನೋಡಿದಿರಾ ಭಾವ? ನಿಮ್ಮ ದುಡ್ಡು ದಂಡ! ನಾನು ಅವತ್ತೇ ಹೇಳಿರಲಿಲ್ಲವಾ?"

ಬೆಲ್ಲದವನು ಹುಬ್ಬು ಗಂಟುಹಾಕಿದ. "ಯಾವ ದುಡ್ಡು?" ಎಂದ. ಸ್ವಲ್ಪ ಹೊತ್ತಾದ ಮೇಲೆ ನೆನಪಾಯಿತು. "ಓ, ಆ ವರ್ತಕಂದಾ! ಹೋಗಲಿ ಬಿಡಪ್ಪ, ಅದನ್ನು ಯಾರು ನೆನಪಿಟ್ಟಿದ್ದರು," ಎಂದು ಮನೆಯೊಳಗೆ ಹೋದ.

ಉಪ್ಪಿನವನು ಬೀದಿಯಲ್ಲಿ ನಿಂತ. ಅಷ್ಟು ವರ್ಷ ಕಾದಿದ್ದ ಗೆಲುವು ಅದು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಬೆನ್ನು ನೋಡಿದಳು, ಅವನ ಕೈಯಲ್ಲಿದ್ದ ಖಾಲಿ ಹಗ್ಗ ನೋಡಿದಳು. "ಗೆದ್ದಿರಿ, ಸರಿ. ನಾಳೆ ಉಪ್ಪು ಹೊರೋದು ಯಾರು?" ಎಂದು ಕೇಳಿದಳು.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟು ಪಕ್ಕದ ಚೊಂಬಿನಿಂದ ನೀರು ಕುಡಿದರು.

ಬೆಲ್ಲದ ಮೂಟೆ ಬದಲಾದ ಜಾಗದಲ್ಲಿ ರೇಣುಕಪ್ರಸಾದ ಗಟ್ಟಿಯಾಗಿ ನಕ್ಕಿದ್ದ. ಕೊನೆಗೆ ಬರುವಾಗ ನಗು ನಿಂತಿತ್ತು. ಮಠದ ಕೆಳಗೆ ಬೇವಿನ ಮರದ ಪಕ್ಕದಲ್ಲಿ ಅವನ ಕಾರು ನಿಂತಿತ್ತು. ನೆರಳು ಸರಿದು ಅದು ಸುಡುಬಿಸಿಲಿನಲ್ಲಿತ್ತು. ಅವನಿಗೆ ಅದು ಈಗ ಕಣ್ಣಿಗೆ ಬಿತ್ತು. ಕಳೆದ ಭಾನುವಾರ ಪಂಚಾಕ್ಷರಿಯ ಮನೆಯ ಮುಂದೆ ಬಗ್ಗಿ ಅವನ ಕಾರಿನ ಟೈರು ಮುಟ್ಟಿ ನೋಡಿದ್ದು ನೆನಪಾಯಿತು. ಕಿವಿ ಬಿಸಿಯಾಯಿತು. ಆದರೂ ನಾಳೆ ಕೊನೆಯ ದಿನ. ಕೇಳಲು ಬಂದದ್ದನ್ನು ಕೇಳದೆ ಹೋಗುವಂತಿಲ್ಲ.

"ಬುದ್ಧಿ, ಅವನು ಆ ಮಾತು ಕೊಂಡಿದ್ದರೆ ಹೊಸ ಪ್ರಾಣಿ ಸಿಗ್ತಿತ್ತಲ್ಲ?" ಎಂದ. "ಹಾಗಾದರೆ ನಾನೂ ವಾರಂಟಿ ಕಟ್ಟೋದೇ ಸರಿ ಅಂತೀರಾ?"

ಗುರುಗಳು ಬಿಸಿಲಿನಲ್ಲಿದ್ದ ಕಾರನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು.

"ಕಟ್ಟಿದರೂ ತಪ್ಪಿಲ್ಲ, ಬಿಟ್ಟರೂ ತಪ್ಪಿಲ್ಲಪ್ಪ. ಆದ್ರೆ ಪಂಚಾಕ್ಷರಿ ಅನ್ನೋನು ಒಬ್ಬ ಇಲ್ಲದೇ ಇದ್ದಿದ್ದರೆ, ನೀನು ಈ ಕಾರನ್ನೇ ಕೊಳ್ತಿದ್ದೆಯಾ?"

ರೇಣುಕಪ್ರಸಾದ ಎದ್ದು ಕೆಳಗಿಳಿದು ಹೋಗಿ ಕಾರನ್ನು ನೆರಳಿಗೆ ಸರಿಸಿ ನಿಲ್ಲಿಸಿದ.